ಸೋಲ್ ಊರಿನಲ್ಲಿ ಇಲ್ಲದ ಕಂಬ

ಹೊರಡುವ ಮೊದಲು

“ಊರಿನ ಹೆಸರ ಸೋಲು ಅಂತ ಐತಿ. ಅಂಥಾ ಊರಿಗೆ ಗೆಲ್ಲಾಕ ಹೊಂಟಾಳ ನೋಡ್ರಿ ನಮ್ಮ ಸೊಸಿ!”

ನಮ್ಮ ಅತ್ತಿ ಬಂಗೂರನಗರದ ಸಾಲುಮನೆಗಳ ಕಟ್ಟೆಕಟ್ಟೆಗೂ ಹೋಗಿ ಇದನ್ನು ಹೇಳಿ ಬಂದಿದ್ದರು. ಕೊರಿಯಾ ದೇಶದ ಆ ರಾಜಧಾನಿಯನ್ನು ಪೇಪರಿನವರು ಸಿಯೋಲ್ ಅಂತ ಬರೆಯುತ್ತಾರೆ. ನನಗೆ ಕಲಿಸಿದ ಬಸ್ತ್ಯಾಂವ ಸರ್ ಸೋಲ್ ಅನ್ನುತ್ತಿದ್ದರು. ಅತ್ತಿಯ ಕಿವಿಗೆ ಅದು ಸೋಲು. ನನಗೇನೂ ಅಳುಕಾಗಲಿಲ್ಲ. ಸೋಲು ಅಂತ ಒಂದು ಊರೇ ಇದ್ದರೆ ಅದನ್ನು ಅಲ್ಲೇ ಬಿಟ್ಟು ಬಂದರಾಯಿತು ಅಂದುಕೊಂಡೆ.

ನಾನು ಗಿರಿಜಾ. ದಾಂಡೇಲಿಯಲ್ಲಿ ಕಾಗದದ ಗಿರಣಿಗೆ ಹೋಗುವವರ ಹೆಂಡತಿ, ನಾಲ್ಕು ವರ್ಷದ ಗೌರಿಯ ತಾಯಿ. ಅಲ್ಲಿಯತನಕ ನಾನು ಕಂಡ ದೂರದ ಊರೆಂದರೆ ಸೊಲ್ಲಾಪುರ, ಅದೂ ಸಿದ್ಧರಾಮನ ಗುಡಿಗೆಂದು ಹೋದದ್ದು. ಅಂಥವಳು ವಿಮಾನ ಹತ್ತಿದ್ದು ಒದೆಯುವುದಕ್ಕೆ ಅಂದರೆ ನಿಮಗೆ ನಗು ಬಂದೀತು. ನಗ್ರಿ, ನಾನೂ ನಕ್ಕವಳೇ.

ಸುರುವಾದದ್ದು ಎಪ್ಪತ್ತರ ದಶಕದ ನಡುವೆ, ನನ್ನ ಒಂಬತ್ತನೆಯ ವರ್ಷದಲ್ಲಿ. ಸಾಲುಮನೆಗಳ ಹಿಂದೆ ಕಟ್ಟಿಗೆ ತುಂಬಿಡುವ ಒಂದು ಹಳೆಯ ಗೋದಾಮು ಖಾಲಿ ಬಿದ್ದಿತ್ತು. ಅದರ ಕೀಲಿ ನಮ್ಮ ಅಪ್ಪನ ಕೈಯಲ್ಲಿರುತ್ತಿತ್ತು. ಅಪ್ಪನಿಗೆ ಚಹಾ ಒಯ್ದಾಗೆಲ್ಲ ನಾನು ಗೋದಾಮಿನ ಕಿಡಕಿಗೆ ಮೂಗು ಹಚ್ಚಿ ನಿಲ್ಲುತ್ತಿದ್ದೆ. ಒಳಗೆ ಬಸ್ತ್ಯಾಂವ ಸರ್ ಏಳೆಂಟು ಹುಡುಗರಿಗೆ ಒದೆಯುವುದನ್ನು ಕಲಿಸುತ್ತಿದ್ದರು. ಒಂದು ದಿನ ಅವರು ಕಿಡಕಿಯ ಹತ್ತಿರ ಬಂದು, “ಏನ್ ತಂಗಿ, ಹೊರಗ ನಿಂತು ನೋಡಿದ್ರ ಕಾಲು ಏಳತಾವೇನು? ಒಳಗ ಬಾ,” ಅಂದರು. ಹೋದೆ. ಆಮೇಲೆ ಮದುವೆಯಾದೆ, ಹಡೆದೆ, ಮಗಳಿಗೆ ಮೊಲೆ ಬಿಡಿಸಿದೆ. ಆ ಒಳಗಿನಿಂದ ಮಾತ್ರ ಹೊರಗೆ ಬರಲಿಲ್ಲ.

ಸರ್ ಹಳಿಯಾಳದ ಕಡೆಯ ಸಿದ್ದಿಯವರು, ಇಗರ್ಜಿಗೆ ಹೋಗುವವರು. ಪ್ರಾಯದಲ್ಲಿ ಮುರಗಾಂವ ಬಂದರಿನಿಂದ ಹಡಗಿನ ಕೆಲಸಕ್ಕೆ ಹೋಗಿದ್ದರಂತೆ. ಆ ಹಡಗಿನಲ್ಲಿದ್ದ ಕೊರಿಯಾದ ಖಲಾಸಿಯೊಬ್ಬ ದಿನಾ ಬೆಳಿಗ್ಗೆ ಡೆಕ್ಕಿನ ಮೇಲೆ ಅಭ್ಯಾಸ ಮಾಡುತ್ತಿದ್ದ. ಐದು ವರ್ಷ ಅವನ ಹಿಂದೆ ನಿಂತು ಕಲಿತು ಬಂದ ವಿದ್ಯೆಯೇ ನಮ್ಮ ಟೇಕ್ವಾಂಡೊ. ತಿರುಗಿ ಬಂದು ಗಿರಣಿಯ ಕೆಲಸಕ್ಕೆ ಸೇರಿದ ಸರ್ ಹತ್ತಿರ ವಿದ್ಯೆ ಇತ್ತು, ಪ್ರಮಾಣಪತ್ರ ಇರಲಿಲ್ಲ. ನಮ್ಮ ಹುಡುಗರು ಹೊರ ಊರಿನ ಪಂದ್ಯಕ್ಕೆ ಹೋದಾಗಲೆಲ್ಲ, ನಿಮ್ಮ ಬೆಲ್ಟು ಯಾರು ಕೊಟ್ಟದ್ದು, ಅದು ನಡೆಯುವುದಿಲ್ಲ ಅಂತ ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದರು. “ಕಾಗದ ಮಾಡೋ ಊರಾಗ ಇದ್ದು ನನ್ನ ಹಂತ್ಯಾಕ ಒಂದ ಕಾಗದ ಇಲ್ಲ ನೋಡು ತಂಗಿ,” ಅಂತ ಸರ್ ನಗುತ್ತಿದ್ದರು. ಆ ನಗು ನನಗೆ ಸೇರುತ್ತಿರಲಿಲ್ಲ.

ಅಂಥಾದ್ದರಲ್ಲಿ ಸೋಲಿನಿಂದ ಒಂದು ಕರೆಯೋಲೆ ಬಂತು. ಬೇರೆ ಬೇರೆ ದೇಶದ ಹೆಣ್ಣುಮಕ್ಕಳಿಗೆ ಹತ್ತು ದಿನದ ಶಿಬಿರ, ಅದರಲ್ಲೇ ಕಪ್ಪು ಬೆಲ್ಟಿನ ಪರೀಕ್ಷೆ, ಹೋಗಿಬರುವ ಖರ್ಚೆಲ್ಲ ಅವರದೇ. ಈಗಿರುವ ಬೆಲ್ಟು ಯಾರು ಕೊಟ್ಟದ್ದು ಅಂತ ಅವರು ಕೇಳಿರಲಿಲ್ಲ. ನಮ್ಮಲ್ಲಿ ಒಬ್ಬರಿಗೆ ಅಲ್ಲಿಯ ಕಪ್ಪು ಬೆಲ್ಟು ಬಂದರೂ ಸಾಕು, ಗೋದಾಮಿನ ಮೂವತ್ತೆರಡು ಮಕ್ಕಳ ಬೆಲ್ಟಿಗೂ ಬೆಲೆ ಬರುತ್ತಿತ್ತು. ಬರದಿದ್ದರೆ ಬರುವ ವರ್ಷದಿಂದ ಕ್ಲಾಸು ನಿಲ್ಲಿಸುವುದಾಗಿ ಸರ್ ಹೇಳಿಬಿಟ್ಟಿದ್ದರು. ಮಕ್ಕಳನ್ನು ಬಾಗಿಲತನಕ ಕರೆದೊಯ್ದು ತಿರುಗಿ ಕರೆತರುವುದು ಅವರಿಂದ ಇನ್ನು ಆಗುತ್ತಿರಲಿಲ್ಲ.

ಅತ್ತಿ ಓಣಿಯಲ್ಲಿ ಏನೇ ಅನ್ನಲಿ, ಹೊರಡುವ ಹಿಂದಿನ ದಿನ ನನ್ನ ಬಿಳಿ ಅಂಗಿ ತೆಗೆದುಕೊಂಡು ಎದೆಯ ಒಳಮಗ್ಗುಲಿಗೆ ಒಂದು ಕಿಸೆ ಹೊಲಿದರು. ಪರೀಕ್ಷೆಯಲ್ಲಿ ಮೈಮೇಲೆ ಬೆಳ್ಳಿ ಬಂಗಾರ ಇರಕೂಡದು ಅಂತ ಕರೆಯಲ್ಲಿ ಬರೆದಿತ್ತು. ಅದಕ್ಕೆ ಲಿಂಗವನ್ನು ಬೆಳ್ಳಿಯ ಕರಡಿಗೆಯಿಂದ ತೆಗೆದು ಅರಿವೆಯಲ್ಲಿ ಸುತ್ತಿ ಅಲ್ಲಿಡಬೇಕು. “ಹೊಲಿಗಿ ಗಟ್ಟಿ ಹಾಕೇನಿ. ನೀ ಎಷ್ಟರ ಜಿಗಿ, ಅಂವ ಎದಿ ಬಿಟ್ಟು ಹೋಗಂಗಿಲ್ಲ,” ಅಂದರು. ಇದು ನಾನು ಎಣಿಸಿಟ್ಟ ಮೊದಲನೆಯ ದಯೆ.

ವಿಮಾನ

ಬೆಲ್ಟು ಕಟ್ಟಿಕೊಳ್ಳಿ ಅಂದಾಗ ನನ್ನ ಕೈ ತಾನಾಗಿಯೇ ಚೀಲದಲ್ಲಿದ್ದ ಕೆಂಪು ಬೆಲ್ಟಿಗೆ ಹೋಯಿತು. ಬಾಜೂಕಿನವರು ನೋಡುವುದರೊಳಗೆ ಒಳಗೆ ತುರುಕಿದೆ. ಮುಂಬಯಿ ಬಿಟ್ಟ ಮೇಲೆ ತಾಟಿನಲ್ಲಿ ಏನೇನೋ ತಂದಿಟ್ಟರು, ಎಲ್ಲದರ ಮೇಲೂ ಯಾವುದೋ ಜೀವದ ತುಂಡು. ನಾನು ಖಡಕ್ ರೊಟ್ಟಿಯ ಗಂಟು ಬಿಚ್ಚಿದೆ. ರೊಟ್ಟಿ ಮುರಿದ ಸಪ್ಪಳಕ್ಕೆ ಮುಂದಿನ ಎರಡು ಸಾಲಿನವರು ತಿರುಗಿ ನೋಡಿದರು. ಶೇಂಗಾ ಚಟ್ನಿಯ ವಾಸನೆಗೆ ಇನ್ನೊಮ್ಮೆ ತಿರುಗಿದರು. ಅವರಿಗೂ ಒಂದೊಂದು ಚೂರು ಕೊಟ್ಟೆ. ಸುಮ್ಮನಾದರು.

ಸೋಲ್, ಇಳಿದ ದಿನ

ಅಲ್ಲಿಯ ತಪಾಸಣೆಯವನು ನನ್ನ ರೊಟ್ಟಿಯ ಗಂಟನ್ನು ಬಿಚ್ಚಿ, ಒಂದನ್ನು ಎತ್ತಿ ಬೆರಳಿನಿಂದ ಟಕಟಕ ಬಡಿದ. ನನ್ನ ಕಾಗದದಲ್ಲಿ ಟೇಕ್ವಾಂಡೊ ಅಂತ ಓದಿ, ಇವು ಮುರಿಯುವ ಹಲಗೆ ಅಂತ ತಿಳಿದು, ಮುರಿದು ತೋರಿಸು ಅಂತ ಸನ್ನೆ ಮಾಡಿದ. ನಾನು ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಅವನು ಮುದ್ರೆ ಒತ್ತಿ ಕಳಿಸಿಬಿಟ್ಟ.

ಹೊರಗೆ ನನ್ನ ಹೆಸರು ಬರೆದ ಹಲಗೆ ಹಿಡಿದು ಸುನ್‌ಜಾ ನಿಂತಿದ್ದಳು. ಶಿಬಿರದಲ್ಲಿ ನಮ್ಮ ಮಾತನ್ನು ಅವರಿಗೆ, ಅವರ ಮಾತನ್ನು ನಮಗೆ ಹೇಳುವವಳು. ಆಕೆಯದು ಕಾಲೇಜಿನ ಇಂಗ್ಲಿಷು, ನನ್ನದು ಮೆಟ್ರಿಕ್ಕಿನದು. ಎರಡೂ ಸೇರಿ ಕೆಲಸ ಸಾಗಿತು. ಆಕೆ ಮೊದಲು ಕೇಳಿದ್ದೇ ನನ್ನ ವಯಸ್ಸು. ನಮ್ಮಲ್ಲಿ ಯಾವೂರು, ಯಾರ ಪೈಕಿ ಅಂತ ಕೇಳುವಂತೆ ಅಲ್ಲಿಯವರು ವಯಸ್ಸು ಕೇಳುತ್ತಾರೆ. ಅದು ಗೊತ್ತಾಗದೆ ಯಾರನ್ನು ಹೇಗೆ ಕರೆಯಬೇಕೆಂದು ಅವರಿಗೆ ತಿಳಿಯುವುದಿಲ್ಲ. ಆಕೆ ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಹಾಗಾದರೆ ತನ್ನನ್ನು ಓನ್ನಿ ಅನ್ನಬೇಕು, ಅಂದರೆ ಅಕ್ಕ, ಅಂತ ಹೇಳಿಕೊಟ್ಟಳು. ನನ್ನ ನಾಲಿಗೆಗೆ ಅದು ನಮ್ಮ ಕಡೆ ಅತ್ತಿಗೆಗೆ ಅನ್ನುವ ವೈನಿ ಆಯಿತು. ಹತ್ತು ದಿನವೂ ವೈನಿ ವೈನಿ ಅಂತಲೇ ಕರೆದೆ. ಒಬ್ಬರೂ ತಿದ್ದಲಿಲ್ಲ.

ನಡು ಚಳಿಗಾಲವಲ್ಲದಿದ್ದರೂ ಗಾಳಿ ಕೊರೆಯುತ್ತಿತ್ತು. ಮುಂಡಗೋಡದ ಟಿಬೆಟಿನವರ ಹತ್ತಿರ ಕೊಂಡ ಸ್ವೆಟರು ಅಲ್ಲಿ ಏನೂ ಸಾಲಲಿಲ್ಲ. ಆದರೆ ಶಿಬಿರದ ಮನೆಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಒಳಗೆ ಹೋದದ್ದು ಕಂಡು ಜೀವ ತಂಪಾಯಿತು. ಒಳಗೆ ಕಾಲಿಟ್ಟರೆ ನೆಲ ಬೆಚ್ಚಗೆ! ನೆಲದ ಕೆಳಗೆ ಬಿಸಿ ಹಾಯಿಸುತ್ತಾರಂತೆ. ಮಂಚವಿಲ್ಲ, ನೆಲದ ಮೇಲೇ ಹಾಸಿಗೆ. ಬಾಣಂತಿಯ ಕೋಣೆಯ ಹಾಗೆ ಹಿತವಾಗಿತ್ತು. ಹಿರಿಯರಿಗೆ ಏನು ಕೊಟ್ಟರೂ ಎರಡೂ ಕೈಯಿಂದ ಕೊಡುತ್ತಾರೆ. ಇಷ್ಟು ಇದ್ದರೆ ಸಾಕು, ಇದು ಪರದೇಶವಲ್ಲ ಅಂದುಕೊಂಡೆ.

ಮಾರನೆಯ ದಿನ ಇನ್ನೊಂದು ಸೋಜಿಗ. ಸಂತೆಯಲ್ಲಿ ಒಬ್ಬ ಹೆಂಗಸು ಮೂಲಂಗಿ ಎಣಿಸುತ್ತಿದ್ದಳು, “ಹಾನಾ, ತೂಲ್, ಸೆತ್, ನೆತ್...” ನಾನು ನಿಂತಲ್ಲೇ ನಿಂತೆ. ಅದು ನಮ್ಮ ಗೋದಾಮಿನ ಲೆಕ್ಕ! ಒದೆಯುವುದಕ್ಕೆ ಮಾತ್ರ ಇರುವ ಮಂತ್ರ ಅಂತ ನಾನು ತಿಳಿದಿದ್ದ ಮಾತಿನಿಂದ ಇಲ್ಲಿ ಕಾಯಿಪಲ್ಲೆ ಎಣಿಸುತ್ತಾರೆ. ನಾನೂ ಮನೆಯಲ್ಲಿ ರೊಟ್ಟಿಯನ್ನು ಹಾಗೇ ಎಣಿಸುತ್ತೇನೆ, ಅತ್ತಿ ಬೈಯುತ್ತಾರೆ. ಊರಿಗೆ ಹೋದ ಮೇಲೆ ಹೇಳಬೇಕು ಅಂತ ನೆನಪಿಟ್ಟುಕೊಂಡೆ.

ಅಜ್ಜಿಯ ಅಡಿಗೆಮನೆ

ಶಿಬಿರದ ಅಡಿಗೆ ಮಾಡುವವಳು ಒಬ್ಬ ಅಜ್ಜಿ. ನಡ ಬಾಗಿತ್ತು, ಬಾಯಿ ಬಾಗಿರಲಿಲ್ಲ. ಅವರಲ್ಲಿ ಊಟಕ್ಕೆ ಕಿಮ್ಚಿ ಇಲ್ಲದೆ ಆಗುವುದಿಲ್ಲ. ಎಲೆಕೋಸನ್ನು ಉಪ್ಪು ಖಾರ ಹಚ್ಚಿ ಮಣ್ಣಿನ ಗಡಿಗೆಯಲ್ಲಿ ಹುಳಿಬರಿಸಿದ್ದು. ನಮ್ಮ ಉಪ್ಪಿನಕಾಯಿಯ ದೊಡ್ಡ ಬಳಗ. ನೋಡಿ ಬಾಯಲ್ಲಿ ನೀರೂರಿತು, ಅದರಲ್ಲಿ ಮೀನಿನ ರಸ ಇರುತ್ತದೆ ಅಂತ ವೈನಿ ಹೇಳಿದ ಮೇಲೆ ಕೈ ಹಿಂದೆ ಬಂತು. ಮೀನು ಬೇಡ, ಮಾಂಸ ಬೇಡ, ತತ್ತಿಯೂ ಬೇಡ ಅಂದೆ. ಬೆಳಿಗ್ಗೆ ಮಿಂದು ಲಿಂಗಪೂಜೆ ಮಾಡುವುದನ್ನೂ ಅಜ್ಜಿ ಬಾಗಿಲಿನಿಂದ ನೋಡಿದ್ದಳು. ಅಂದಿನಿಂದ ನನ್ನನ್ನು ಕಂಡರೆ ಕೈ ಮುಗಿದು ಏನೋ ಅನ್ನತೊಡಗಿದಳು.

“ಅಜ್ಜಿ ನಿಮ್ಮನ್ನು ಸನ್ಯಾಸಿನಿ ಅಂತ ತಿಳಿದಿದ್ದಾಳೆ,” ಅಂದಳು ವೈನಿ.

“ಅಯ್ಯ ಶಿವನ! ಮನ್ಯಾಗ ಗಂಡ ಅದಾರ, ಮಗಳದಾಳ ಅಂತ ಹೇಳ್ರಿ!”

ವೈನಿ ಹೇಳಿದಳು. ಅಜ್ಜಿ ನನ್ನ ಮುಖವನ್ನು ಒಂದು ಗಳಿಗೆ ನೋಡಿ ಏನೋ ಅಂದಳು.

“ಸನ್ಯಾಸಿನಿಯ ಗಂಡ ಬಹಳ ಒಳ್ಳೆಯವನಿರಬೇಕು ಅನ್ನುತ್ತಾಳೆ.”

ನಗುವುದೇ ನಗುವುದು. ಆದರೂ ಅಜ್ಜಿ ಅವತ್ತೇ ನನಗಾಗಿ ಒಂದು ಪುಟ್ಟ ಗಡಿಗೆಯಲ್ಲಿ ಮೀನು ಹಾಕದ ಕಿಮ್ಚಿ ಬೇರೆ ಮಾಡಿಟ್ಟಳು. ಕೇಳದೆ ಸಿಕ್ಕ ದಯೆ ಇದು, ದೊಡ್ಡದು. ನಾನು ಗುರೆಳ್ಳ ಚಟ್ನಿ ಕೊಟ್ಟೆ. ಅಜ್ಜಿ ಅದನ್ನು ಬಿಸಿ ಅನ್ನದ ಮೇಲೆ ಉದುರಿಸಿಕೊಂಡು ಕಣ್ಣು ಮುಚ್ಚಿ ತಿಂದಳು.

ಒಂದು ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಗುರುಗಳ ಫೋಟೊ ತೋರಿಸಿದರು. ನಾನು ಬಸ್ತ್ಯಾಂವ ಸರ್ ಫೋಟೊ ತೆಗೆದೆ. “ಇವರು ಆಫ್ರಿಕಾದವರೇ?” ಅಂತ ಒಬ್ಬಳು ಕೇಳಿದಳು. “ಹಳಿಯಾಳದವರು,” ಅಂದೆ. ಹಳಿಯಾಳ ಯಾವ ದೇಶದಲ್ಲಿದೆ ಅಂತ ಅವಳು ನಕಾಶೆಯಲ್ಲಿ ಬಹಳ ಹೊತ್ತು ಹುಡುಕಿದಳು.

ಆರನೆಯ ದಿನ

ಪರೀಕ್ಷೆ ಮೂರು ಭಾಗ. ಮೊದಲನೆಯದು ಹಲಗೆ ಮುರಿಯುವುದು. ಅವರು ಹಿಡಿದು ನಿಂತದ್ದು ಪೈನ್ ಮರದ ಹಲಗೆ. ನಮ್ಮ ಸರ್ ಕಟ್ಟಿಗೆ ಕೊಯ್ಯುವ ಕಾರ್ಖಾನೆಯಿಂದ ಸಾಗವಾನಿ, ಮತ್ತಿಯ ತುಂಡು ತಂದು ಒದೆಸುತ್ತಿದ್ದರು. ಅದರ ಮುಂದೆ ಇದು ಹಪ್ಪಳ. ಒಂದೇ ಒದೆತಕ್ಕೆ ಎರಡು ಹೋಳಾಯಿತು, ಹಿಡಿದವಳು ಬೆಚ್ಚಿಬಿದ್ದಳು. ಎರಡನೆಯದು ಎದುರಾಳಿಯ ಜೊತೆ ಕಾದಾಟ. ಅದನ್ನೂ ದಾಟಿದೆ. ಮೂರನೆಯದು ಪುಮ್ಸೆ.

ಪುಮ್ಸೆ ಅಂದರೆ ಎದುರಿಗೆ ವೈರಿಗಳಿದ್ದಾರೆ ಅಂದುಕೊಂಡು, ಗೊತ್ತುಮಾಡಿದ ಹೆಜ್ಜೆಗಳಲ್ಲಿ ಒದೆತ, ಗುದ್ದು, ತಡೆ ಎಲ್ಲವನ್ನೂ ಒಬ್ಬರೇ ಮಾಡಿ ತೋರಿಸುವ ಸಾಲು. ಎಲ್ಲಿ ಸುರು ಮಾಡಿದೆವೋ ಕೊನೆಗೆ ಸರಿಯಾಗಿ ಅಲ್ಲೇ ಬಂದು ನಿಲ್ಲಬೇಕು. ನೆಲಕ್ಕೆ ಬಿಳಿ ಪಟ್ಟಿಯಿಂದ ಒಂದು ಗುರುತು ಅಂಟಿಸಿದ್ದರು. ಹದಿನೈದು ವರ್ಷ ಮಾಡಿದ ಪುಮ್ಸೆ. ನಿದ್ದೆಯಲ್ಲೂ ಬರುತ್ತದೆ. ಮಾಡಿದೆ. ನಿಂತು ಕೆಳಗೆ ನೋಡಿದರೆ ಬಿಳಿ ಗುರುತು ನನ್ನ ಎಡಕ್ಕೆ, ಒಂದು ಮೊಳ ದೂರ ಬಿದ್ದಿದೆ.

ಊರಲ್ಲಾದರೆ ಸರ್, “ಸರಕೊಂಡು ನಿಲ್ರಿ,” ಅನ್ನುತ್ತಿದ್ದರು. ಸರಕೊಂಡು ನಿಂತೆ.

ಪರೀಕ್ಷೆ ಮಾಡುವ ಹಿರಿಯ ಗುರುಗಳು ಎಪ್ಪತ್ತರ ಆಸುಪಾಸಿನವರು, ಸಣ್ಣ ದನಿ. ಏನೋ ಕೇಳಿದರು. ವೈನಿ ನನ್ನ ಕಡೆ ತಿರುಗಿದಳು. “ಎಂಟನೆಯ ಹೆಜ್ಜೆಯಲ್ಲಿ ನೀವು ಯಾರಿಗೆ ದಾರಿ ಬಿಟ್ಟಿರಿ ಅಂತ ಕೇಳುತ್ತಾರೆ.”

“ಯಾರಿಗೂ ಇಲ್ಲ,” ಅಂದೆ.

ಮತ್ತೆ ಮಾಡು ಅಂದರು. ಮಾಡಿದೆ. ಮತ್ತೆ ಗುರುತು ಎಡಕ್ಕೆ ಉಳಿಯಿತು. ಮೂರನೆಯ ಸಲ ಎಂಟಕ್ಕೆ ಬಂದಾಗ ನನ್ನ ಕಾಲನ್ನೇ ನೋಡಿದೆ. ಮುಂದೆ ನೇರ ಹೋಗಬೇಕಾದ ಬಲಗಾಲು ಬಲಕ್ಕೆ ಅರ್ಧ ಹೆಜ್ಜೆ ಸರಿದು, ಯಾವುದನ್ನೋ ಸುತ್ತಿ ಮುಂದೆ ಹೋಯಿತು.

ಕಂಬ!

ನಮ್ಮ ಗೋದಾಮಿನ ನಟ್ಟನಡುವೆ ಒಂದು ಸಾಗವಾನಿ ಕಂಬ ಇದೆ, ಇಬ್ಬರು ಮಕ್ಕಳು ತಬ್ಬಿದರೂ ಕೈ ಕೂಡದಂಥದು. ಸರ್ ಅದರ ಎದುರಿಗೇ ನಿಂತು ಮಾಡಿ ತೋರಿಸುತ್ತಿದ್ದರು. ಎಂಟಕ್ಕೆ ಅವರು ಕಂಬ ತಪ್ಪಿಸಿ ಸರಿದರೆ ನಾವೆಲ್ಲ ಸರಿಯುತ್ತಿದ್ದೆವು, ಕಂಬ ಅಡ್ಡ ಇದ್ದವರೂ ಇಲ್ಲದವರೂ. ನಾವು ದಿನಾ ಸುರು ಮಾಡುವಾಗ ಮೊದಲು ಬಾಗುತ್ತಿದ್ದದ್ದೂ ಆ ಕಂಬಕ್ಕೆ. ಖಂಡೆಪೂಜೆಗೆ ಎಲ್ಲರೂ ಆಯುಧ ಪೂಜೆ ಮಾಡಿದರೆ, ಆಯುಧ ಇಲ್ಲದ ನಾವು ಕಂಬಕ್ಕೇ ಹೂ ಏರಿಸುತ್ತಿದ್ದೆವು. ಅದೇ ಕಂಬ ನನ್ನ ಹಿಂದೆಯೇ ಸಮುದ್ರ ದಾಟಿ ಬಂದು ಈ ಮಿರಿಮಿರಿ ಮಿಂಚುವ ಹಲಗೆ ನೆಲದ ಮೇಲೆ ನಿಂತಿತ್ತು.

ವೈನಿಗೆ ಹೇಳಿದೆ. ಅವಳು ಗುರುಗಳಿಗೆ ಹೇಳಿದಳು. ಸಾಲಿನಲ್ಲಿ ಕೂತ ಹೆಣ್ಣುಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದರು. ಗುರುಗಳು ನಗಲಿಲ್ಲ. ಪುಮ್ಸೆಯಲ್ಲಿ ಪಾಸಿಲ್ಲ ಅಂತ ಬರೆದರು. ಅಲ್ಲಿಯ ಪದ್ಧತಿಯಂತೆ ಒಂದು ಭಾಗದಲ್ಲಿ ಮಾತ್ರ ನಪಾಸಾದವರಿಗೆ ಹತ್ತನೆಯ ದಿನ ಇನ್ನೊಂದೇ ಅವಕಾಶ ಇತ್ತು, ಒಂದೇ ಸಲಕ್ಕೆ.

“ಅಷ್ಟರಲ್ಲಿ ಕಂಬವನ್ನು ಊರಿಗೆ ಕಳಿಸಿಬಿಡಿ ಅನ್ನುತ್ತಾರೆ,” ಅಂದಳು ವೈನಿ.

ಗಡಿಗೆಗಳ ನಡುವೆ

ಕಳಿಸುವುದು ಹೇಗೆ? ಇಲ್ಲ ಇಲ್ಲ ಅಂದುಕೊಂಡಷ್ಟೂ ಅದು ಗಟ್ಟಿಯಾಗಿ ನಿಲ್ಲುತ್ತಿತ್ತು. ಏಳನೆಯ ದಿನ ಇಪ್ಪತ್ತು ಸಲ ಮಾಡಿದೆ, ಇಪ್ಪತ್ತೂ ಸಲ ಸರಿದೆ. ಆದರೂ ಹೆದರಲಿಲ್ಲ. ಮೈಗೆ ಹತ್ತಿದ್ದನ್ನು ಮೈಯಿಂದಲೇ ಬಿಡಿಸಬೇಕು. ಗೌರಿಗೆ ಎಡಗೈಲಿ ಉಣ್ಣುವುದನ್ನು ಬಿಡಿಸಿದವಳು ನಾನು. ಬಾಯಿಂದ ಹೇಳಿದರೆ ಬಿಡಲಿಲ್ಲ, ಎಡಗೈಗೆ ಒಂದು ಗೊಂಬೆ ಕೊಟ್ಟು ಕೂಡಿಸಿದೆ. ಕೈಗೆ ಜಾಗ ಇಲ್ಲದಂತಾಯಿತು, ಬಿಟ್ಟಳು.

ಅಡಿಗೆಮನೆಯ ಹಿಂದಿನ ಅಂಗಳದಲ್ಲಿ ಅಜ್ಜಿಯ ಗಡಿಗೆಗಳು ಸಾಲಾಗಿದ್ದವು. ಮರುದಿನ ಬೆಳ್ಳಂಬೆಳಿಗ್ಗೆ ಒಂದು ಖಾಲಿ ಗಡಿಗೆಯನ್ನು ಹೊರಳಿಸಿ ತಂದು, ನನ್ನ ಕಾಲು ಸರಿದು ಇಳಿಯುವ ಜಾಗಕ್ಕೆ ಸರಿಯಾಗಿ ಇಟ್ಟೆ. ಇನ್ನು ಸರಿದರೆ ಗಡಿಗೆಗೆ ಬಡಿಯಬೇಕು. ಮೊದಲನೆಯ ಸಲವೇ ಬಡಿದೆ. ಮುಚ್ಚಳ ಉರುಳಿ ಅಂಚು ಚೂರಾಯಿತು.

ಅಜ್ಜಿ ಓಡಿ ಬಂದಳು. ಬೈದಳು. ಒಂದು ಮಾತೂ ತಿಳಿಯದಿದ್ದರೂ ಎಲ್ಲ ತಿಳಿಯಿತು, ನಮ್ಮ ಅತ್ತಿಯ ರಾಗವೇ ಅದು. ನಾನು ಕಾಲು ತೋರಿಸಿ, ಗಡಿಗೆ ತೋರಿಸಿ, ಸರಿದು ತೋರಿಸಿ, ತಲೆ ಅಲ್ಲಾಡಿಸಿದೆ. ಅಜ್ಜಿ ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಳು. ಆಮೇಲೆ ಖಾಲಿ ಗಡಿಗೆಯನ್ನು ಎತ್ತಿಕೊಂಡು ಒಳಗೆ ಹೋದಳು. ಮುಗಿಯಿತು ಅಂದುಕೊಂಡೆ. ತಿರುಗಿ ಬಂದವಳ ಕೈಯಲ್ಲಿ ಇನ್ನೊಂದು ಗಡಿಗೆ ಇತ್ತು. ಪುಟ್ಟದು, ಕಿಮ್ಚಿ ತುಂಬಿದ್ದು, ನನಗಾಗಿ ಮೀನು ಹಾಕದೆ ಮಾಡಿದ್ದು. ಅದನ್ನು ಅದೇ ಜಾಗಕ್ಕೆ ಇಟ್ಟು, ಗಡಿಗೆ ತೋರಿಸಿ, ನನ್ನ ಬಾಯಿ ತೋರಿಸಿ, ಕೈ ಆಡಿಸಿದಳು. ಒದ್ದರೆ ಉಪವಾಸ!

ಎಂಥಾ ಗುರು ನೋಡಿ. ಆಮೇಲೆ ಕಾಲು ಸರಿಯಲೇ ಇಲ್ಲ. ನಾಷ್ಟಾದ ತನಕ ನೇರ ಹೋದೆ.

ಆದರೆ ಒಂಬತ್ತನೆಯ ದಿನ ಗಡಿಗೆ ತೆಗೆದು ಮಾಡಿದಾಗ ಒಮ್ಮೆ ನೇರ ಹೋಯಿತು, ಒಮ್ಮೆ ಸರಿಯಿತು. ಮತ್ತೆ ನೇರ, ಮತ್ತೆ ಸರಿಯಿತು. ಪರೀಕ್ಷೆಗೆ ಸಿಗುವುದು ಒಂದೇ ಸಲ.

ಹತ್ತನೆಯ ದಿನ

ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಕೂತಾಗ ಒಂದು ವಿಚಾರ ಹೊಳೆಯಿತು. ಒಂಬತ್ತರ ವಯಸ್ಸಿನಿಂದ ನಾನು ಒಂದು ದಿನವೂ ಆ ಕಂಬಕ್ಕೆ ಬಾಗದೆ ಪುಮ್ಸೆ ಸುರು ಮಾಡಿದವಳಲ್ಲ. ಇಲ್ಲಿಗೆ ಬಂದ ಮೇಲೆ ಬಾವುಟಕ್ಕೆ ಬಾಗಿದೆ, ಗುರುಗಳಿಗೆ ಬಾಗಿದೆ. ಕಂಬಕ್ಕೆ ಮಾತ್ರ ಇಲ್ಲ. ಇಷ್ಟು ವರ್ಷದ ಹಿರೀಕನನ್ನು ಹೇಳದೆ ಕೇಳದೆ ಹೊರಗೆ ಹಾಕಲು ನೋಡಿದರೆ ಅವನು ಹೋಗುತ್ತಾನೆಯೇ? ಮನೆಗೆ ಬಂದವರನ್ನು ಕಳಿಸುವ ರೀತಿ ಅದಲ್ಲ.

ಹೆಸರು ಕರೆದರು. ನಾನು ಬಿಳಿ ಗುರುತಿನ ಮೇಲೆ ನಿಲ್ಲಲಿಲ್ಲ. ನೇರ ಮುಂದೆ ನಡೆದು, ಎಂಟನೆಯ ಹೆಜ್ಜೆಯ ಜಾಗದಲ್ಲಿ, ಕಂಬ ಇರಬೇಕಾದಲ್ಲಿ ನಿಂತೆ. ಬಾಗಿ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. “ತಂದೆ, ಇಷ್ಟು ವರ್ಷ ನಾವು ನಿನಗ ದಾರಿ ಬಿಟ್ಟೇವಿ. ಇವತ್ತೊಂದಿನ ನೀ ನನಗ ಬಿಡು,” ಅಂದೆ. ಬಾಯಿಬಿಟ್ಟೇ ಅಂದೆ. ಅಲ್ಲಿ ಕನ್ನಡ ಬರುವವರು ಯಾರೂ ಇರಲಿಲ್ಲ, ಅದೂ ಒಂದು ದಯೆ.

ತಿರುಗಿ ಬಂದು ಗುರುತಿನ ಮೇಲೆ ನಿಂತು ಸುರು ಮಾಡಿದೆ. ಹಾನಾ. ತೂಲ್. ಅತ್ತಿ ಹೊಲಿದ ಎದೆಯ ಕಿಸೆಯಲ್ಲಿ ಅವನು ಬೆಚ್ಚಗಿದ್ದ. ಏಳಕ್ಕೆ ತಿರುಗಿದೆ. ಎಂಟು. ಬಲಗಾಲು ಎದ್ದಿತು, ನೇರ ಹೋಗಿ ನೆಲಕ್ಕೆ ಬಿತ್ತು. ಮುಂದಿನದೆಲ್ಲ ನೀರಿನಂತೆ ಹರಿಯಿತು. ಕೊನೆಯ ಗುದ್ದು ಹಾಕಿ, ಕೂಗು ಕೊಟ್ಟು ನಿಂತೆ. ಕೆಳಗೆ ನೋಡಲಿಲ್ಲ. ಅಂಗಾಲಿಗೆ ಬಿಳಿ ಪಟ್ಟಿಯ ಅಂಚು ತಾಗುತ್ತಿತ್ತು.

ಗುರುಗಳು ವೈನಿಯ ಮೂಲಕ ಕೇಳಿದ್ದು ಒಂದೇ. “ಮೊದಲು ಹೋಗಿ ನೆಲ ಮುಟ್ಟಿದ್ದು ಏಕೆ?”

“ಕಂಬಕ್ಕ ಹೇಳಿ ಬಂದೆ ಅಂತ ಹೇಳ್ರಿ, ವೈನಿ.”

ಅವರು ತಲೆದೂಗಿದರು. ಸಂಜೆ ಎಲ್ಲರಿಗೂ ಬೆಲ್ಟು, ಪ್ರಮಾಣಪತ್ರ ಕೊಡುವಾಗ ಆ ಕಡೆಯಿಂದ ನನ್ನತ್ತ ಬಂದರು. ನಡುವೆ ಒಂದು ಜಾಗದಲ್ಲಿ ತಡೆದು, ಬಲಕ್ಕೆ ಅರ್ಧ ಹೆಜ್ಜೆ ಸರಿದು, ಸುತ್ತಿ ಬಂದು, ಎರಡೂ ಕೈಯಿಂದ ನನಗೆ ಕಾಗದ ಕೊಟ್ಟರು.

ದಾಂಡೇಲಿ

ಅತ್ತಿ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದರು. ಕಪ್ಪು ಬೆಲ್ಟನ್ನು ಮುಟ್ಟಿ ನೋಡಿ, “ಇಷ್ಟು ದೂರ ಹೋಗಿ ಬಣ್ಣಾನಾದ್ರೂ ಚಲೋದು ತರಬಾರದೇನ?” ಅಂದರು. ಆಮೇಲೆ ಅದನ್ನೇ ಕೈಯಲ್ಲಿ ಹಿಡಿದುಕೊಂಡು ಕಟ್ಟೆಕಟ್ಟೆಗೂ ಹೋದರು. ಗೌರಿ ನನ್ನ ಕಾಲು ತಬ್ಬಿಕೊಂಡು ಬಿಡಲಿಲ್ಲ. ನಮ್ಮ ಮನೆಯವರು ಹತ್ತು ದಿನ ಅನ್ನ ಸಾರು ಮಾಡಿ ಕಲಿತದ್ದನ್ನು ನನಗೆ ಬಡಿಸಿದರು. ಚೂರು ಉಪ್ಪು ಮುಂದಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಗೋದಾಮಿಗೆ ಹೋದೆ. ಬಸ್ತ್ಯಾಂವ ಸರ್ ಪ್ರಮಾಣಪತ್ರವನ್ನು ತಗೊಂಡು ಮೊದಲು ಓದಲಿಲ್ಲ. ಗಿರಣಿಯ ಮನುಷ್ಯ, ಹೆಬ್ಬೆರಳಿನಿಂದ ಅಂಚು ಉಜ್ಜಿ ನೋಡಿದರು, ಬೆಳಕಿಗೆ ಹಿಡಿದರು. “ಕಾಗದ ಚಲೋ ಐತಿ ತಂಗಿ. ನಮ್ದಕಿಂತ ದಪ್ಪ,” ಅಂದರು. ಆ ಕಡೆ ಮುಖ ತಿರುಗಿಸಿ ಕೆಮ್ಮಿದರು.

ಮಕ್ಕಳ ಗದ್ದಲ ಮುಗಿದ ಮೇಲೆ ಮೆಲ್ಲಗೆ ಹೇಳಿದೆ. “ಸರ್, ಒಂದು ಮಾತೈತಿ. ಸಿಟ್ಟಾಗಬ್ಯಾಡ್ರಿ. ನಮ್ಮ ಈ ಕಂಬದ ಕಾಲಾಗ ನಾವೆಲ್ಲಾ ಎಂಟನೇ ಹೆಜ್ಜಿ ತಪ್ಪಾಗಿ ಕಲತೇವಿ.”

ಸರ್ ಕತೆಯನ್ನೆಲ್ಲ ಕೇಳಿದರು. ಆಮೇಲೆ ಹೊಟ್ಟೆಯೊಳಗಿನಿಂದ ನಗು ಸುರುವಾಯಿತು.

“ಈ ಕಂಬದ್ದಲ್ಲ ತಂಗಿ! ನಮ್ಮ ಹಡಗಿನ ಡೆಕ್ಕಿನ ನಡುವ ಗಾಳಿ ಬರಾಕ ಒಂದು ಕಬ್ಬಿಣದ ಕೊಳವಿ ಇತ್ತು, ನನ್ನ ಎತ್ತರಕ್ಕ. ಆ ಖಲಾಸಿ ದಿನಾ ಅದನ್ನ ಸುತ್ತಿ ಹೋಗತಿದ್ದ. ನಾ ಅದು ಪುಮ್ಸೇದಾಗ ಐತಿ ಅಂತ ತಿಳಕೊಂಡೆ. ಮುಂದ ಈ ಗೋದಾಮು ನೋಡಾಕ ಬಂದ್ರ, ಕಂಬ ಸರಿಯಾಗಿ ಅಲ್ಲೇ ನಿಂತಿತ್ತು. ದೇವರು ನಮ್ಮ ಪುಮ್ಸೆ ಸಲುವಾಗೇ ಗೋದಾಮು ಕಟ್ಟಿಸ್ಯಾನ ಅಂತ ಅವತ್ತು ಇಗರ್ಜಿಗೆ ಹೋಗಿ ಮೇಣಬತ್ತಿ ಹಚ್ಚಿ ಬಂದೇನಿ!”

ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಈಗೇನು ಮಾಡೂಣು? ಕಂಬ ತಗದ್ರ ಮಾಳಿಗಿ ತಲಿ ಮ್ಯಾಲ ಬೀಳ್ತೈತಿ,” ಅಂದರು.

“ಒಳಕಲ್ಲು ಅಡ್ಡ ಐತಿ ಅಂತ ನಾವು ಹೆಂಗಸರು ಅಡಿಗಿ ಬಿಡ್ತೇವೇನ್ರಿ? ನಾವ ಅತ್ತಾಗ ಕುಂಡ್ರತೇವಿ,” ಅಂದೆ. ಸುಣ್ಣದ ಕಡ್ಡಿ ತಗೊಂಡು ಸುರು ಮಾಡುವ ಗೆರೆಯನ್ನು ಎಡಕ್ಕೆ ನಾಲ್ಕು ಮಾರು ಸರಿಸಿ ಎಳೆದೆ. ಕಂಬ ಒಂದು ಬದಿಗೆ ಉಳಿಯಿತು.

ಸರ್ ಗೆರೆಯನ್ನು ನೋಡಿದರು, ಕಂಬವನ್ನು ನೋಡಿದರು. “ಇಷ್ಟ ಸಾಕೇನು?” ಅಂದರು.

“ಇಷ್ಟರೀ.”

ಮಕ್ಕಳು ಸಾಲು ನಿಂತರು. ಊರಾಚೆಯ ಕೋಗಿಲಬನದಿಂದ ನಡೆದು ಬರುವ ಹುಡುಗಿಯೂ ಇದ್ದಳು, ಪಂದ್ಯದ ಬಾಗಿಲಿನಿಂದ ಎರಡು ಸಲ ವಾಪಸು ಬಂದವಳು. ಸರ್ ಎಲ್ಲರ ಮುಂದೆ ನಿಂತರು. ನಾನು ಎಣಿಸಿದೆ. ಎಂಟಕ್ಕೆ ಬಂದಾಗ ಮೂವತ್ತೆರಡು ಮಕ್ಕಳೂ, ಮುಂದಿದ್ದ ಸರ್ ಕೂಡ, ಬಟಾಬಯಲಿನಲ್ಲಿ ಬಲಕ್ಕೆ ಅರ್ಧ ಹೆಜ್ಜೆ ಸರಿದು, ಇಲ್ಲದ ಕಂಬವನ್ನು ಸುತ್ತಿ ಮುಂದೆ ಹೋದರು.

“ಯಾರಿಗೆ ದಾರಿ ಬಿಟ್ರಿ?” ಅಂತ ಕೇಳಿದೆ.

ಸರ್ ತಿರುಗಿ ಬದಿಗಿದ್ದ ಕಂಬದ ಕಡೆ ನೋಡಿದರು.

“ತಡಿ ತಂಗಿ,” ಅಂದರು. “ಒಂದ್ಸಲ ಹೇಳಿ ಬರ್ತೇವಿ.”

ಮಕ್ಕಳು ಒಬ್ಬೊಬ್ಬರಾಗಿ ಕಂಬದ ಹತ್ತಿರ ಹೋಗಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬಂದರು. ಒಬ್ಬಳು ಎದೆಗೆ ಶಿಲುಬೆ ಬರೆದುಕೊಂಡಳು, ಇನ್ನೊಬ್ಬ ಕೈ ಎತ್ತಿ ದುವಾ ಮಾಡಿದ. ನೋಯುವ ಮೊಣಕಾಲಿನ ಸರ್ ಎಲ್ಲರಿಗಿಂತ ಹಿಂದೆ ಪಾಳಿ ಹಚ್ಚಿ ನಿಂತಿದ್ದರು. ಅವರು ಬಾಗಿ, ಅಂಗೈಯಿಂದ ಕಂಬವನ್ನು ಎರಡು ಸಲ ತಟ್ಟಿ, ತಮ್ಮ ಜಾಗಕ್ಕೆ ಬಂದು ನಿಲ್ಲುವತನಕ ಕಾದೆ. ಆಮೇಲೆ “ಹಾನಾ,” ಅಂದೆ.